ಹೋಸ್ಟ್ ಎಂಬ ಕಾಲಮ್ಮಿನಲ್ಲಿ ಮೊಲ

ಪ್ರಯೋಗಾಲಯಗಳಿಗೆ ಆಂಟಿಬಾಡಿ ಮಾರುವ ಯಾವುದಾದರೂ ಕಂಪನಿಯ ಕ್ಯಾಟಲಾಗ್ ತೆರೆದು ನೋಡಿ. ಆನ್‌ಲೈನಿನಲ್ಲಿ ಚಪ್ಪಲಿ ಹುಡುಕಿದ ಹಾಗೇ ಇರುತ್ತದೆ. ಎಡಗಡೆ ಫಿಲ್ಟರುಗಳು, ಬಲಗಡೆ ಸರಕು, ಪಕ್ಕದಲ್ಲಿ ಬೆಲೆ, ಎಷ್ಟು ದಿನಕ್ಕೆ ಬರುತ್ತದೆ ಅನ್ನುವ ವಿವರ. ಒಂದೆರಡು ಹನಿಯಷ್ಟು ದ್ರವಕ್ಕೆ ಹತ್ತಾರು ಸಾವಿರ ರೂಪಾಯಿ. ಐಸ್ ಪ್ಯಾಕಿನ ನಡುವೆ ಕೂತು ಬರುವ ಆ ಪುಟ್ಟ ಟ್ಯೂಬಿನ ಮೇಲೆ 'ಸಂಶೋಧನೆಯ ಬಳಕೆಗೆ ಮಾತ್ರ' ಅನ್ನುವ ಲೇಬಲ್.

ನಾನು ಓದಿದ್ದು ಬಿಇ, ಬರೆಯೋದು ಕೋಡು. ಜೀವಶಾಸ್ತ್ರದ ಸಹವಾಸ ಹತ್ತನೇ ಕ್ಲಾಸಿಗೇ ಮುಗಿದಿತ್ತು. ಆದರೆ ಈಗ ನಾನಿರುವ ಟೀಮು ಪ್ರಯೋಗಾಲಯಗಳ ಖರೀದಿ ಮತ್ತು ದಾಸ್ತಾನಿಗೆ ಸಾಫ್ಟ್‌ವೇರ್ ಮಾಡುತ್ತದೆ. ಹಾಗಾಗಿ ಇಂಥ ಕ್ಯಾಟಲಾಗುಗಳು ನನಗೆ ಸಾವಿರಾರು ಸಾಲುಗಳ ಟೇಬಲ್ಲಾಗಿ ಸಿಗುತ್ತವೆ. ಯಾವ ಪ್ರೋಟೀನನ್ನು ಗುರುತಿಸುತ್ತದೆ, ಯಾವ ಪ್ರಯೋಗಕ್ಕೆ ಆಗುತ್ತದೆ, ಎಷ್ಟು ಡಿಗ್ರಿಯಲ್ಲಿ ಇಡಬೇಕು, ಹೀಗೆ ಕಾಲಮ್ಮುಗಳು. ಅದರಲ್ಲಿ ಒಂದರ ಹೆಸರು 'ಹೋಸ್ಟ್'. ಅದರ ಕೆಳಗೆ ಬರುವ ಬೆಲೆಗಳು ನಾಲ್ಕೈದೇ: ಮೊಲ, ಇಲಿ, ಆಡು, ಕುರಿ, ಕೋಳಿ.

ನಮ್ಮಂಥವರಿಗೆ ಹೋಸ್ಟ್ ಅಂದರೆ ಸರ್ವರ್. ಇವರಿಗೆ ಹೋಸ್ಟ್ ಅಂದರೆ ಯಾವ ಪ್ರಾಣಿಯ ಮೈಯಲ್ಲಿ ಆ ಆಂಟಿಬಾಡಿ ಹುಟ್ಟಿತೋ ಆ ಪ್ರಾಣಿ. ಕನ್ನಡದಲ್ಲಿ ಆ ಪದಕ್ಕೆ ಆತಿಥೇಯ ಅನ್ನುತ್ತೇವೆ. ಮನೆಗೆ ಬಂದವರಿಗೆ ಮಣೆ ಹಾಕಿ, ಬಾಳೆ ಹಾಕಿ, "ಇನ್ನೊಂಚೂರು ಹಾಕ್ಲಾ" ಅಂತ ಕೇಳಿ ಬಡಿಸುವವರು ಆತಿಥೇಯರು. ಮೊಲ ಯಾರಿಗೆ ಮಣೆ ಹಾಕಿತ್ತು? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಹೊರಗೆ ಹೋಗಿಲ್ಲ. ಅದಕ್ಕೊಂದು ಮನೆಯ ಕಾರಣವೂ ಇದೆ, ಹೇಳ್ತೇನೆ. ಮೊದಲು ವಿಷಯ ಏನು ಅಂತ ನೋಡೋಣ.

ನೀವೀಗ ಪುಟ ತಿರುಗಿಸೋಕೆ ಬೆರಳು ಎತ್ತಿದರೆ, ಮಿದುಳಿನಿಂದ ಹೊರಟ ಸುದ್ದಿ ನರದ ತುದಿಯವರೆಗೆ ವಿದ್ಯುತ್ತಾಗಿ ಬರುತ್ತದೆ. ಆದರೆ ನರ ಸ್ನಾಯುವನ್ನು ಮುಟ್ಟಿಕೊಂಡಿಲ್ಲ, ನಡುವೆ ಕೂದಲೆಳೆಗಿಂತ ಎಷ್ಟೋ ಸಣ್ಣದಾದ ಒಂದು ಸಂದಿ ಇದೆ. ಆ ಸಂದಿ ದಾಟೋಕೆ ನರ ಅಸೆಟೈಲ್‌ಕೋಲಿನ್ ಅನ್ನುವ ರಾಸಾಯನಿಕವನ್ನು ಚೆಲ್ಲುತ್ತದೆ. ಆಚೆ ದಡದಲ್ಲಿ, ಸ್ನಾಯುವಿನ ಮೈಮೇಲೆ, ಅದನ್ನು ಹಿಡಿಯೋಕೆ ರಿಸೆಪ್ಟರ್ ಪ್ರೋಟೀನುಗಳು ಒತ್ತೊತ್ತಾಗಿ ಕೂತಿವೆ. ಹಿಡಿದವು ಅಂದರೆ ಸ್ನಾಯು ಸೆಳೆಯುತ್ತದೆ, ಬೆರಳು ಏಳುತ್ತದೆ. ಕಣ್ಣಿನ ರೆಪ್ಪೆ, ನಾಲಿಗೆ, ಉಸಿರಾಡಿಸುವ ವಪೆ, ಎಲ್ಲಕ್ಕೂ ಇದೇ ಏರ್ಪಾಡು.

ಈ ರಿಸೆಪ್ಟರ್ ಕಣ್ಣಿಗೆ ಕಾಣುವಂಥದ್ದಲ್ಲ. ಅದು ಎಲ್ಲಿದೆ, ಎಷ್ಟಿದೆ ಅಂತ ತಿಳಿಯಬೇಕಾದರೆ ಅದಕ್ಕೇ ಹೋಗಿ ಅಂಟಿಕೊಳ್ಳುವ ಇನ್ನೊಂದು ಪ್ರೋಟೀನ್ ಬೇಕು, ಆ ಪ್ರೋಟೀನಿಗೆ ಹೊಳೆಯುವ ಬಣ್ಣ ಕಟ್ಟಬೇಕು. ಇಷ್ಟು ಖಚಿತವಾಗಿ ಅಂಟುವ ವಸ್ತುವನ್ನು ತಯಾರಿಸುವ ಕಲೆ ಪ್ರಾಣಿಯ ರಕ್ಷಣಾ ವ್ಯವಸ್ಥೆಗೆ ಗೊತ್ತು. ಹಾಗಾಗಿ ರಿಸೆಪ್ಟರನ್ನು ಮೊಲಕ್ಕೆ ಚುಚ್ಚುತ್ತಾರೆ. 'ಹೊರಗಿನದು ಬಂತು' ಅಂತ ಮೊಲದ ಮೈ ಆಂಟಿಬಾಡಿ ಹುಟ್ಟಿಸುತ್ತದೆ. ಕೆಲವು ವಾರ ಬಿಟ್ಟು ರಕ್ತ ತೆಗೆದು ಆಂಟಿಬಾಡಿಯನ್ನು ಬೇರ್ಪಡಿಸುತ್ತಾರೆ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಇನ್ನೊಂದು ದಾರಿ ಕಂಡುಹಿಡಿದರು: ಆಂಟಿಬಾಡಿ ಮಾಡುವ ಇಲಿಯ ಕೋಶವನ್ನು ಸಾವಿಲ್ಲದ ಕ್ಯಾನ್ಸರ್ ಕೋಶದ ಜೊತೆ ಬೆಸೆದು, ಒಂದೇ ಬಗೆಯ ಆಂಟಿಬಾಡಿಯನ್ನು ಎಷ್ಟು ಬೇಕಾದರೂ ಪಡೆಯುವುದು. 1984ರಲ್ಲಿ ಇದಕ್ಕೆ ನೊಬೆಲ್ ಬಂತು. ಗರ್ಭಪರೀಕ್ಷೆಯ ಪಟ್ಟಿ, ಕೋವಿಡ್ ಕಾಲದಲ್ಲಿ ಮನೆಯಲ್ಲೇ ಮೂಗಿಗೆ ಕಡ್ಡಿ ಹಾಕಿ ಮಾಡಿಕೊಂಡ ಟೆಸ್ಟು, ಎಲ್ಲದರ ಒಳಗೂ ಕೆಲಸ ಮಾಡೋದು ಇಂಥ ಆಂಟಿಬಾಡಿಗಳೇ. ಅಂದರೆ ಈ ಪಂಕ್ತಿಯಲ್ಲಿ ನೀವೂ ನಾನೂ ಆಗಲೇ ಊಟಕ್ಕೆ ಕೂತಾಗಿದೆ.

ಈಗ ರಿಸೆಪ್ಟರಿನ ಕತೆ. 1970ರ ಸುಮಾರಿಗೆ ವಿಜ್ಞಾನಿಗಳಿಗೆ ಇದನ್ನು ಶುದ್ಧವಾಗಿ ಬೇರ್ಪಡಿಸಬೇಕಿತ್ತು. ಅದಕ್ಕೆ ಎರಡು ಪ್ರಾಣಿಗಳು ನೆರವಿಗೆ ಒದಗಿದವು. ಒಂದು, ದಕ್ಷಿಣ ಅಮೆರಿಕದ ನದಿಗಳ ವಿದ್ಯುತ್ ಈಲ್. ಅದರ ವಿದ್ಯುತ್ ಅಂಗ ಮೂಲತಃ ಸ್ನಾಯುವೇ, ಆದ್ದರಿಂದ ಅದರ ತುಂಬ ಈ ರಿಸೆಪ್ಟರು. ಇನ್ನೊಂದು, ಕಟ್ಟುಹಾವು. 1963ರಲ್ಲಿ ತೈವಾನಿನ ಲೀ ಮತ್ತು ಚಾಂಗ್ ಅನ್ನುವ ಇಬ್ಬರು ಅಲ್ಲಿನ ಕಟ್ಟುಹಾವಿನ ವಿಷದಿಂದ ಒಂದು ಅಂಶ ಬೇರ್ಪಡಿಸಿದ್ದರು. ಅದು ಹೋಗಿ ಈ ರಿಸೆಪ್ಟರಿಗೇ ಅಂಟುತ್ತದೆ, ಅಂಟಿದರೆ ಸುಲಭಕ್ಕೆ ಬಿಡೋದಿಲ್ಲ. ಅದರ ಹೆಸರು ಆಲ್ಫಾ-ಬಂಗಾರೊಟಾಕ್ಸಿನ್. ಬಂಗಾರ ಅಂದರೆ ನಮ್ಮ ಬಂಗಾರವೇ! ಕಟ್ಟುಹಾವಿನ ಕುಲದ ಲ್ಯಾಟಿನ್ ಹೆಸರು ತೆಲುಗಿನ 'ಬಂಗಾರು' ಪದದಿಂದ ಹೋದದ್ದು. ಜಗತ್ತಿನ ನರವಿಜ್ಞಾನದ ಪ್ರಯೋಗಾಲಯಗಳಲ್ಲೆಲ್ಲ ದಿನಾ ಉಚ್ಚರಿಸುವ ಪದದೊಳಗೆ ನಮ್ಮ ಸೀಮೆಯ ಬಂಗಾರ ಕೂತಿದೆ.

1973ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಇನ್‌ಸ್ಟಿಟ್ಯೂಟಿನ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಈಲ್‌ನಿಂದ ತೆಗೆದ ರಿಸೆಪ್ಟರನ್ನು ಮೊಲಗಳಿಗೆ ಚುಚ್ಚಿದರು. ಅವರಿಗೆ ಬೇಕಾಗಿದ್ದದ್ದು ಬರೀ ಒಂದು ಉಪಕರಣ, ಅಂದರೆ ರಿಸೆಪ್ಟರಿಗೆ ಅಂಟುವ ಆಂಟಿಬಾಡಿ. ಆಂಟಿಬಾಡಿಯೇನೋ ಬಂತು. ಅದರ ಬೆನ್ನಿಗೇ ಮೊಲಗಳು ಸೋತು ಬಿದ್ದವು. ಕಾಲು ಎತ್ತಲಾರವು, ತಲೆ ನಿಲ್ಲದು. ಈಲ್ ರಿಸೆಪ್ಟರಿನ ವಿರುದ್ಧ ಹುಟ್ಟಿದ ಆಂಟಿಬಾಡಿ ಮೊಲದ ಸ್ವಂತ ರಿಸೆಪ್ಟರನ್ನೂ ಹಿಡಿದುಕೊಂಡಿತ್ತು. ಆಗ ಅವರು ನಿಯೋಸ್ಟಿಗ್ಮಿನ್ ಬಳಗದ ಔಷಧಿ ಕೊಟ್ಟು ನೋಡಿದರು. ಬಿದ್ದಿದ್ದ ಮೊಲಗಳು ಎದ್ದವು.

ಇದೇ ಔಷಧಿಗೆ ಇದೇ ರೀತಿ ಎದ್ದು ಕೂರುವ ಮನುಷ್ಯರನ್ನು ವೈದ್ಯರು ಬಹಳ ಕಾಲದಿಂದ ನೋಡಿದ್ದರು. 1934ರಲ್ಲಿ ಮೇರಿ ವಾಕರ್ ಅನ್ನುವ ವೈದ್ಯೆ ಲಂಡನ್ನಿನ ಗ್ರೀನಿಚ್‌ನ ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಿದ್ದರು. ಆ ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್. ಯಾಕೆ ಬರುತ್ತದೆ ಅನ್ನೋದು ಮಾತ್ರ ಊಹೆಯಾಗಿಯೇ ಉಳಿದಿತ್ತು. ಉಪಕರಣ ಮಾಡೋಕೆ ಹೋಗಿ ಸೋತ ಮೊಲಗಳು ಉತ್ತರ ಕೊಟ್ಟವು: ಮೈ ತನ್ನ ರಿಸೆಪ್ಟರನ್ನೇ ಪರಕೀಯ ಅಂದುಕೊಂಡು ಅದರ ಮೇಲೆ ಆಂಟಿಬಾಡಿ ಬಿಡುತ್ತದೆ. ಅದಾದ ಎರಡು ಮೂರು ವರ್ಷಗಳಲ್ಲೇ ರೋಗಿಗಳ ರಕ್ತದಲ್ಲಿ ಆ ಆಂಟಿಬಾಡಿ ಹುಡುಕುವ ಪರೀಕ್ಷೆ ಬಂತು, ರಕ್ತದಿಂದ ಅದನ್ನು ಸೋಸಿ ತೆಗೆಯುವ ಚಿಕಿತ್ಸೆ ಬಂತು.

ಈಗ ಮನೆಯ ಮಾತು.

ನಮ್ಮೂರು ಕುಮಟಾ ತಾಲೂಕಿನ ಸಂತೆಗುಳಿ. ನನ್ನ ಅತ್ತೆ, ಅಪ್ಪನ ಅಕ್ಕ, ಅಲ್ಲೇ ಇದ್ದಾಳೆ. ಅಡಿಕೆ ಸುಲಿಯೋಕೆ ಕೂತರೆ ಪಕ್ಕದವರ ಬುಟ್ಟಿ ಅರ್ಧ ಆಗುವಷ್ಟರಲ್ಲಿ ಇವಳದ್ದು ತುಂಬಿರುತ್ತಿತ್ತು. ಅಂಥವಳಿಗೆ ಒಂದು ಮಳೆಗಾಲದಲ್ಲಿ ಸಂಜೆಯಾದರೆ ಸಾಕು, ಎಡಗಣ್ಣಿನ ರೆಪ್ಪೆ ಜೋಲೋಕೆ ಶುರುವಾಯಿತು. ಬೆಳಿಗ್ಗೆ ಎದ್ದರೆ ಎಲ್ಲ ಸರಿ. ಆಮೇಲೆ ಊಟದ ಕೊನೆ ಕೊನೆಗೆ ದವಡೆ ಸೋಲತೊಡಗಿತು. ಮಾತಾಡ್ತಾ ಮಾತಾಡ್ತಾ ದನಿ ಮೂಗಿನೊಳಗೆ ಹೋಗುತ್ತಿತ್ತು. ನಿದ್ದೆ ಸಾಲದು ಅಂದರು, ರಕ್ತ ಕಡಿಮೆ ಅಂದರು, ಒಬ್ಬರು ಕನ್ನಡಕ ಬರೆದುಕೊಟ್ಟರು. ಕೇರಿಯ ಹಿರಿಯರೊಬ್ಬರು ಮಾತ್ರ ಅವಳ ಮುಖವನ್ನು ಹೊತ್ತು ನೋಡಿ ಕೇಳಿದ್ದು, "ರಾತ್ರಿ ಮಲಗಿದಾಗ ಏನಾದ್ರೂ ಮುಟ್ಟಿತ್ತನೇ?"

ಮುಟ್ಟೋದು ಅಂದರೆ ಹಾವು ಕಚ್ಚೋದು. ನಮ್ಮ ಕಡೆ ರಾತ್ರಿ ಹಾವಿನ ಹೆಸರು ಹೇಳೋದಿಲ್ಲ. ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇಲ್ಲ, ಗುರುತೂ ಇಲ್ಲ. ಮೊದಲು ಗೊತ್ತಾಗೋದು ರೆಪ್ಪೆ ಜೋತುಬಿದ್ದಾಗ. ಅವರ ಊಹೆ ಸರಿಯಲ್ಲ, ಹಾವು ಕಚ್ಚಿರಲಿಲ್ಲ. ಆದರೆ ಕನ್ನಡಕ ಬರೆದವರಿಗಿಂತ ಅವರೇ ಹತ್ತಿರ ಬಂದಿದ್ದರು. ಕಟ್ಟುಹಾವಿನ ವಿಷ ಎಲ್ಲಿ ಕೆಲಸ ಮಾಡುತ್ತದೋ, ನರ ಸ್ನಾಯುಗಳ ನಡುವಿನ ಅದೇ ಸಂದಿಯಲ್ಲೇ ಅತ್ತೆಯ ಮೈ ತನ್ನ ವಿರುದ್ಧ ತಾನೇ ಕೆಲಸ ಮಾಡುತ್ತಿತ್ತು.

ಉತ್ತರ ಕನ್ನಡದವರಿಗೆ ದೊಡ್ಡ ಕಾಯಿಲೆ ಅಂದರೆ ಮೊದಲು ಬಸ್ಸು ಹಿಡಿಯುವ ಯೋಚನೆ. ಮಣಿಪಾಲವೋ, ಹುಬ್ಬಳ್ಳಿಯೋ, ಬೆಂಗಳೂರಿನ ನಿಮ್ಹಾನ್ಸೋ. ಕೊನೆಗೊಬ್ಬ ನರತಜ್ಞರು ಅವಳನ್ನು ಒಂದು ನಿಮಿಷ ಸೂರು ನೋಡೋಕೆ ಹೇಳಿ, ರೆಪ್ಪೆ ಇಳಿಯೋದನ್ನು ಕಂಡು, ಮುಚ್ಚಿದ ಕಣ್ಣಿನ ಮೇಲೆ ಮಂಜುಗಡ್ಡೆ ಇಟ್ಟು, ರೆಪ್ಪೆ ಮತ್ತೆ ಏಳೋದನ್ನು ಕಂಡು, ರಕ್ತಪರೀಕ್ಷೆ ಬರೆದರು. ಅಸೆಟೈಲ್‌ಕೋಲಿನ್ ರಿಸೆಪ್ಟರ್ ಆಂಟಿಬಾಡಿ, ಪಾಸಿಟಿವ್. ಈಗ ಪಿರಿಡೋಸ್ಟಿಗ್ಮಿನ್ ಗುಳಿಗೆ, ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ. ಊಟ ಮಾಡುತ್ತಾಳೆ, ಬಯ್ಯುತ್ತಾಳೆ, ಅಡಿಕೆಯನ್ನೂ ಸುಲಿಯುತ್ತಾಳೆ, ಮೊದಲಿನಷ್ಟಲ್ಲ.

ಆ ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ಓದಿದಾಗ ನಾನು ಸುಮ್ಮನೆ ಕೂತುಬಿಟ್ಟೆ. ಅದರ ಹಳೆಯ, ಹೆಸರಾಂತ ವಿಧಾನ ಹೀಗಿದೆ. ಮನುಷ್ಯನ ಸ್ನಾಯುವಿನಿಂದ ರಿಸೆಪ್ಟರ್ ತೆಗೆಯಬೇಕು. ಕಾಯಿಲೆಯಿಂದಾಗಿ ಕತ್ತರಿಸಿ ತೆಗೆದ ಯಾರದೋ ಕಾಲಿನಿಂದ ಅದು ಬರುತ್ತಿತ್ತು. ಆ ರಿಸೆಪ್ಟರಿಗೆ ವಿಕಿರಣದ ಗುರುತು ಹಾಕಿದ ಬಂಗಾರೊಟಾಕ್ಸಿನ್, ಅಂದರೆ ಕಟ್ಟುಹಾವಿನ ವಿಷ, ಅಂಟಿಸಬೇಕು. ಅದಕ್ಕೆ ರೋಗಿಯ ರಕ್ತದ್ರವ ಸೇರಿಸಬೇಕು. ರೋಗಿಯ ಆಂಟಿಬಾಡಿ ರಿಸೆಪ್ಟರನ್ನು ಹಿಡಿದಿದ್ದರೆ, ಆ ಆಂಟಿಬಾಡಿಯನ್ನು ಹಿಡಿದು ತಳಕ್ಕೆ ಇಳಿಸೋಕೆ ಇನ್ನೊಂದು ಆಂಟಿಬಾಡಿ ಬೇಕು. ಅದು ಆಡಿನದ್ದೋ ಮೊಲದ್ದೋ. ತಳದಲ್ಲಿ ಎಷ್ಟು ವಿಕಿರಣ ಸಿಕ್ಕಿತು ಅನ್ನೋದು ಉತ್ತರ. ಒಂದು ರಿಪೋರ್ಟಿನ ಒಂದು ಸಂಖ್ಯೆಯ ಹಿಂದೆ ಕಾಲು ಕಳೆದುಕೊಂಡ ಮನುಷ್ಯ, ಹಾವು, ಆಡು. ಅದಕ್ಕೂ ಹಿಂದೆ ಈಲು, ಮೊಲ.

ಊರಿಗೆ ಹೋದಾಗ ಮೊಲಗಳ ಕತೆಯನ್ನು ಅತ್ತೆಗೆ ಹೇಳಿದೆ. ಅವಳಿಗೆ ಬಂದದ್ದೇ ಅವುಗಳಿಗೂ ಬಂತು, ಅವಳ ಗುಳಿಗೆಯ ಬಳಗದ್ದೇ ಔಷಧಿ ಕೊಟ್ಟಾಗ ಎದ್ದು ನಿಂತವು ಅಂತ. ಅತ್ತೆ ಬಾಳೆಕಾಯಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದಳು, "ಮತ್ತೆ ಅವಕ್ಕೆ ದಿನಾ ಕೊಟ್ರಾ?"

"ಇಲ್ಲ ಅತ್ತೆ, ಪರೀಕ್ಷೆಗೆ ಕೊಟ್ಟದ್ದು."

"ಹಾಂಗಾದ್ರೆ ಅವಕ್ಕೆ ಎಂತ ಸಿಕ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಬರಹದ ಉದ್ದಕ್ಕೂ ನಾನು ಕೇಳುತ್ತಿರೋದು ಅದೇ ಪ್ರಶ್ನೆ.

ಬೆಂಗಳೂರಿಗೆ ಬಂದು ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ತೆಗೆದೆ. ನಮ್ಮ ಟೀಮಿನಲ್ಲಿ ಇಬ್ಬರಿದ್ದಾರೆ, ಎರಡು ದಿಕ್ಕು. ಒಬ್ಬ ಹೇಳಿದ್ದು, "ಏನ್ ಗುರೂ, ಲಸಿಕೆ ಬೇಕು, ಟೆಸ್ಟ್ ಬೇಕು, ಮೊಲದ ಬಗ್ಗೆ ಅಳಬೇಕು. ಪ್ರಾಣಿ ಬಳಸದೆ ಇದ್ದಿದ್ರೆ ನಿನ್ನ ಅತ್ತೆ ಇರ್ತಿರ್ಲಿಲ್ಲ. ಅಷ್ಟೇ." ಇನ್ನೊಬ್ಬಳು ಹಾಲೂ ಕುಡಿಯದವಳು. ಅವಳು ಹೇಳಿದ್ದು, "ಅತ್ತೆ ಉಳಿದಿದ್ದು ಸತ್ಯ. ಮೊಲ ಒಪ್ಪಿರಲಿಲ್ಲ ಅನ್ನೋದೂ ಸತ್ಯ. ಅತ್ತೆ ಉಳಿದಳು ಅಂತ ಮೊಲ ಒಪ್ಪಿದ ಹಾಗೆ ಆಗುತ್ತಾ?"

ಇಬ್ಬರೂ ತಪ್ಪು ಹೇಳಲಿಲ್ಲ. ಅದೇ ತೊಂದರೆ. ಇಂಥ ಕಡೆ ನಮ್ಮ ಮನಸ್ಸು ಕೃತಜ್ಞತೆಯ ಕಡೆ ಓಡುತ್ತದೆ. 'ಮೂಕಪ್ರಾಣಿಗಳ ಋಣ ನಮ್ಮ ಮೇಲಿದೆ' ಅಂತ ಕೈ ಮುಗಿದರೆ ಎದೆ ಹಗುರಾಗುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಋಣ ಅನ್ನುವ ಪದವನ್ನು ಸ್ವಲ್ಪ ತಟ್ಟಿ ನೋಡಬೇಕು.

ಊರಿನಲ್ಲಿ ಕೊಡು ಕೊಳ್ಳುವ ಲೆಕ್ಕಕ್ಕೆ ಬೇರೆ ಬೇರೆ ಹೆಸರುಗಳಿವೆ. ಸಾಲ ಅಂದರೆ ಇಬ್ಬರೂ ಒಪ್ಪಿ ಮಾಡಿಕೊಂಡದ್ದು, ತೀರಿಸೋದಕ್ಕೆ ಗಡುವು ಇದೆ. ಮುಯ್ಯಿ ಅಂದರೆ ನನ್ನ ಮನೆ ಮದುವೆಗೆ ನೀವು ಮಾಡಿದ್ದು, ನಿಮ್ಮ ಮನೆ ಮದುವೆಗೆ ನಾನು ಮಾಡಬೇಕಾದ್ದು. ದಾನ ಅಂದರೆ ಕೊಟ್ಟವರು ತಾವಾಗಿ ಕೊಟ್ಟದ್ದು. ಅನ್ನದ ಋಣವೂ ಬಡಿಸಿದ ಕೈಯ ಮೇಲೆ ನಿಂತಿದೆ. ಇವೆಲ್ಲದರಲ್ಲೂ ಆಚೆ ಕಡೆ ಒಂದು ಮನಸ್ಸು ಇದೆ, ಅದು ಕೊಟ್ಟಿದೆ. ಮೊಲ ಕೊಡಲಿಲ್ಲ. ನಾವು ತೆಗೆದುಕೊಂಡೆವು. ತೆಗೆದುಕೊಂಡದ್ದಕ್ಕೆ ಋಣ ಅಂತ ಹೆಸರಿಟ್ಟರೆ, ಕೇಳದೆ ತೆಗೆದುಕೊಂಡೆವು ಅನ್ನುವ ಸಂಗತಿ ಆ ಹೆಸರಿನ ಅಡಿಗೆ ಹೋಗುತ್ತದೆ.

ಭಾಷೆ ಈ ಕೆಲಸವನ್ನು ಬೇರೆ ಕಡೆಯೂ ಮಾಡುತ್ತದೆ. ಸಂಶೋಧನಾ ಪ್ರಬಂಧಗಳಲ್ಲಿ ಪ್ರಯೋಗ ಮುಗಿದ ಮೇಲೆ ಪ್ರಾಣಿಯನ್ನು 'ಸ್ಯಾಕ್ರಿಫೈಸ್' ಮಾಡಲಾಯಿತು ಅಂತ ಬರೆಯೋದು ಹಳೆಯ ರೂಢಿ. ಕನ್ನಡಕ್ಕೆ ತಂದರೆ ಗುಟ್ಟು ಬಯಲಾಗುತ್ತದೆ. ತ್ಯಾಗ ಅನ್ನೋಣ ಅಂದರೆ, ಮೊಲ ಏನನ್ನೂ ತ್ಯಾಗ ಮಾಡಿಲ್ಲ. ಬಲಿ ಅನ್ನೋಣ ಅಂದರೆ, ಕೊಟ್ಟವರು ಯಾರು, ಯಾರಿಗೆ, ಯಾಕೆ ಅಂತ ಹೇಳಬೇಕಾಗುತ್ತದೆ. 'ಹೋಸ್ಟ್' ಕೂಡ ಅದೇ ಜಾತಿಯ ಪದ. ಸುಳ್ಳೇನಲ್ಲ, ಕೇಳೋದಕ್ಕೆ ನಯವಾಗಿದೆ ಅಷ್ಟೆ.

ಹಾಗಾದರೆ ನಾನು ಏನು ಹೇಳುತ್ತಿದ್ದೇನೆ? 1973ರ ಆ ಪ್ರಯೋಗ ಆಗಬಾರದಿತ್ತು ಅಂತಲಾ? ಹಾಗೆ ಹೇಳೋದಕ್ಕೆ ನನ್ನ ಬಾಯಿ ಬರೋದಿಲ್ಲ. ಅತ್ತೆ ಉಣ್ಣುವ ಪ್ರತಿ ತುತ್ತು ಆ ತಿಳಿವಳಿಕೆಯ ಮೇಲೆ ನಿಂತಿದೆ. ಅದನ್ನು ಉಂಡುಕೊಂಡೇ 'ಅದು ಆಗಬಾರದಿತ್ತು' ಅನ್ನೋದು ಪ್ರಾಮಾಣಿಕ ಮಾತಲ್ಲ. ಆದರೆ ಆಗಿಹೋದದ್ದರ ಫಲ ಉಣ್ಣೋದು ಬೇರೆ, ಅದನ್ನೇ ನಾಳೆಗೂ ಪರವಾನಗಿ ಮಾಡಿಕೊಳ್ಳೋದು ಬೇರೆ. ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಗೊತ್ತು. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದಾಗ ಯಾರಿಗೋ ಅಡ್ಮಿನ್ ಪರ್ಮಿಷನ್ ಕೊಡುತ್ತೇವೆ. ಆ ಹೊತ್ತಿಗೆ ಅದು ಸರಿಯೇ. ಸಿಸ್ಟಮ್ ಎದ್ದ ಮೇಲೆ ಅದನ್ನು ವಾಪಸು ತೆಗೆಯಬೇಕು. ತೆಗೆಯದೆ ಬಿಟ್ಟರೆ ಮೂರು ವರ್ಷ ಕಳೆದ ಮೇಲೆ ಯಾಕೆ ಕೊಟ್ಟದ್ದು ಅಂತ ಯಾರಿಗೂ ನೆನಪಿರೋದಿಲ್ಲ, ಪರ್ಮಿಷನ್ ಮಾತ್ರ ಇರುತ್ತದೆ. ಪ್ರಾಣಿಗಳ ಮೇಲೆ ನಾವು ತೆಗೆದುಕೊಂಡಿರುವ ಅಧಿಕಾರ ಇಂಥ ಪರ್ಮಿಷನ್. ಗತಿಯಿಲ್ಲದಿದ್ದಾಗ ತೆಗೆದುಕೊಂಡದ್ದು, ಗತಿ ಬಂದ ಮೇಲೂ ಚಾಲ್ತಿಯಲ್ಲಿದೆ.

ಕೇಳದೆ ತೆಗೆದುಕೊಂಡದ್ದರ ವಿಷಯದಲ್ಲಿ ನಮ್ಮ ಕಡೆ ಒಂದು ಹಳೆಯ ಕಟ್ಟಳೆ ಇದೆ. ಹಸು ಕರೆಯುವಾಗ ಕರುವಿಗೆ ಒಂದು ಮೊಲೆ ಬಿಡಬೇಕು. ಹಸುವಿಗೆ ಕೃತಜ್ಞತೆ ಹೇಳಿ ಅಂತಲ್ಲ ಆ ಕಟ್ಟಳೆ. ಎಷ್ಟು ತೆಗೆಯಬಹುದು, ಎಲ್ಲಿ ನಿಲ್ಲಿಸಬೇಕು ಅಂತ. ಊರಿನವರೆಲ್ಲ ಧರ್ಮರಾಯರು ಅಂತ ನಾನು ಹೇಳುತ್ತಿಲ್ಲ. ನಾಗರ ಪಂಚಮಿಗೆ ಹಾಲೆರೆದ ಕೈಯೇ ಕಟ್ಟುಹಾವು ಕಂಡರೆ ದೊಣ್ಣೆ ಹುಡುಕುತ್ತದೆ. ಆದರೆ ಆ ಒಂದು ಮೊಲೆಯ ಲೆಕ್ಕ ನನಗೆ ಕೈ ಮುಗಿಯೋದಕ್ಕಿಂತ ಹೆಚ್ಚು ಗಟ್ಟಿ ಅನಿಸುತ್ತದೆ. ಅದನ್ನು ದಿನಾ ಬೆಳಿಗ್ಗೆ ಕೈಯಾರೆ ಮಾಡಬೇಕು, ಮಾಡಿದರೆ ಮನೆಯ ಚೊಂಬಿನಲ್ಲಿ ಹಾಲು ಕಡಿಮೆಯಾಗುತ್ತದೆ.

ಆಂಟಿಬಾಡಿಯ ವ್ಯವಹಾರದಲ್ಲಿ ಎಲ್ಲಿ ನಿಲ್ಲಿಸಬೇಕು? ಮೊದಲು, ಹಾಳು ಮಾಡೋದನ್ನು ನಿಲ್ಲಿಸಬೇಕು. ಮಾರುಕಟ್ಟೆಯಲ್ಲಿರುವ ಎಷ್ಟೋ ಆಂಟಿಬಾಡಿಗಳು ಹೇಳಿದ ಪ್ರೋಟೀನನ್ನು ಸರಿಯಾಗಿ ಗುರುತಿಸೋದೇ ಇಲ್ಲ. ಇದು ವಿಜ್ಞಾನಿಗಳೇ ಬಾಯಿಬಿಟ್ಟು ಹೇಳುವ ದೂರು. 2015ರಲ್ಲಿ ನೂರಕ್ಕೂ ಹೆಚ್ಚು ಮಂದಿ ಸೇರಿ 'ನೇಚರ್' ಪತ್ರಿಕೆಯಲ್ಲಿ ಈ ಗೊಂದಲ ನಿಲ್ಲಬೇಕು ಅಂತ ಬರೆದರು. ಆಮೇಲೆ ಒಂದು ತಂಡ ನರವಿಜ್ಞಾನಕ್ಕೆ ಬೇಕಾದ 65 ಪ್ರೋಟೀನುಗಳ ಮೇಲಿನ 614 ಆಂಟಿಬಾಡಿಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಅರ್ಧಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ಬಗೆಯ ಪ್ರಯೋಗದಲ್ಲಿ ಸೋತವು. ಆ ಟ್ಯೂಬುಗಳ ದುಡ್ಡು ಹಾಳಾಯಿತು, ವಿದ್ಯಾರ್ಥಿಗಳ ವರ್ಷಗಳು ಹಾಳಾದವು ಅಂತ ಎಲ್ಲರೂ ಬರೆದರು. ಟ್ಯೂಬಿನ ಹಿಂದಿದ್ದ ಪ್ರಾಣಿಯ ಪಾಡೂ ಹಾಳಾಯಿತು ಅಂತ ಲೆಕ್ಕಕ್ಕೆ ಹಿಡಿದವರು ಕಡಿಮೆ. ಅದಕ್ಕಿಂತ ಕೆಟ್ಟದ್ದೂ ನಡೆದಿದೆ. ಆಡುಗಳಿಂದ ಆಂಟಿಬಾಡಿ ಮಾಡುತ್ತಿದ್ದ ಅಮೆರಿಕದ ಒಂದು ದೊಡ್ಡ ಕಂಪನಿ ಅವುಗಳನ್ನು ನಡೆಸಿಕೊಂಡ ರೀತಿಗಾಗಿ 2016ರಲ್ಲಿ 35 ಲಕ್ಷ ಡಾಲರ್ ದಂಡ ತೆತ್ತು, ಪ್ರಾಣಿಗಳನ್ನು ಇಟ್ಟುಕೊಳ್ಳುವ ಪರವಾನಗಿಯನ್ನೇ ಬಿಡಬೇಕಾಯಿತು.

ಕಾನೂನು ನಮ್ಮಲ್ಲೂ ಇದೆ. ನೃತ್ಯಗಾತಿ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿದ್ದಾಗ ಹಿಡಿದ ಹಟದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಪ್ರಯೋಗ ಮಾಡಬೇಡಿ ಅಂತ ಅದು ಹೇಳೋದಿಲ್ಲ. ಬೇರೆ ದಾರಿ ಇದ್ದರೆ ಪ್ರಾಣಿಯ ದಾರಿ ಹಿಡಿಯಬೇಡಿ ಅನ್ನುವ ಅರ್ಥದ ಮಾತು ಅದರಲ್ಲಿದೆ. ಇವತ್ತು ಪ್ರಾಣಿ ಬಳಸುವ ಪ್ರತಿ ಸಂಸ್ಥೆಯಲ್ಲೂ ಒಂದು ಎಥಿಕ್ಸ್ ಸಮಿತಿ ಇರಬೇಕು. ಆದರೆ ರೆಡಿ ಟ್ಯೂಬನ್ನು ಹೊರದೇಶದಿಂದ ತರಿಸಿಕೊಂಡರೆ ಪ್ರಾಣಿ ನಮ್ಮ ಸಮಿತಿಯ ಎದುರು ಬರೋದೇ ಇಲ್ಲ. ಬರೋದು ಒಂದು ಕ್ಯಾಟಲಾಗ್ ನಂಬರು. ನನ್ನ ಟೇಬಲ್ಲಿನ ಒಂದು ಸಾಲು.

ಇನ್ನು ಬೇರೆ ದಾರಿ. ಅದು ಕನಸಿನ ಮಾತಾಗಿ ಉಳಿದಿಲ್ಲ. ಆಂಟಿಬಾಡಿಯ ಜೀನುಗಳ ಒಂದು ದೊಡ್ಡ ಭಂಡಾರವನ್ನು ವೈರಸ್ಸಿನ ಅಥವಾ ಯೀಸ್ಟಿನ ಮೈಮೇಲೆ ಪ್ರದರ್ಶಿಸಿ, ಬೇಕಾದ್ದಕ್ಕೆ ಅಂಟುವುದನ್ನು ಆರಿಸಿಕೊಳ್ಳಬಹುದು. ವೈರಸ್ಸಿನ ದಾರಿ ತೋರಿಸಿದವರಿಗೆ 2018ರಲ್ಲಿ ನೊಬೆಲ್ ಬಂತು. 2020ರಲ್ಲಿ ಯುರೋಪಿನ ಒಕ್ಕೂಟದ ಪ್ರಯೋಗಾಲಯವೊಂದು, ಆಂಟಿಬಾಡಿ ಮಾಡೋದಕ್ಕೆ ಇನ್ನು ಪ್ರಾಣಿ ಬಳಸಬಾರದು ಅಂತಲೇ ಶಿಫಾರಸು ಮಾಡಿತು. ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಮೊಲದ ಮೈ ಕೊಡುವಷ್ಟು ಗಟ್ಟಿ ಹಿಡಿತ ಎಲ್ಲ ಸಲ ಸಿಗೋದಿಲ್ಲ, ಖರ್ಚು ಜಾಸ್ತಿ, ಸಣ್ಣ ಪ್ರಯೋಗಾಲಯ ಎಲ್ಲಿಂದ ತರಬೇಕು ಅನ್ನುತ್ತಾರೆ. ತಳ್ಳಿಹಾಕುವ ಮಾತುಗಳಲ್ಲ. ಆದರೆ 'ಆಗೋದಿಲ್ಲ' ಅನ್ನೋದು ಈಗ 'ದುಬಾರಿ' ಅನ್ನುವಲ್ಲಿಗೆ ಬಂದು ನಿಂತಿದೆ. ದುಬಾರಿ ಅನ್ನೋದು ಗತಿಯಿಲ್ಲದ ಸ್ಥಿತಿಯಲ್ಲ.

ಬೆಂಗಳೂರಿನಲ್ಲೇ ಒಂದು ಉದಾಹರಣೆ ಇದೆ. ಹಾವು ಕಚ್ಚಿದವರಿಗೆ ಇವತ್ತಿಗೂ ಕೊಡೋದು ಕುದುರೆಗೆ ವಿಷ ಚುಚ್ಚಿ, ಅದರ ರಕ್ತದಿಂದ ತೆಗೆದ ಪ್ರತಿವಿಷ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಸೇರಿ ಒಂದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರ ಜೊತೆ ಸೇರಿ 2024ರಲ್ಲಿ ಒಂದು ಕೃತಕ ಆಂಟಿಬಾಡಿಯ ಸುದ್ದಿ ಪ್ರಕಟಿಸಿತು. ಯೀಸ್ಟಿನ ಮೇಲೆ ಪ್ರದರ್ಶಿಸಿದ ಮನುಷ್ಯ ಮಾದರಿಯ ಆಂಟಿಬಾಡಿಗಳಿಂದ ಆರಿಸಿದ್ದು. ಕುದುರೆಯೂ ಇಲ್ಲ, ಮೊಲವೂ ಇಲ್ಲ. ಬಂಗಾರೊಟಾಕ್ಸಿನ್ ಬಳಗದ ವಿಷಗಳು ರಿಸೆಪ್ಟರಿಗೆ ಹೋಗಿ ಅಂಟುವ ಮೊದಲೇ ಅದು ಅವುಗಳನ್ನು ಹಿಡಿದುಬಿಡುತ್ತದೆ, ರಿಸೆಪ್ಟರ್ ಹೇಗೆ ಹಿಡಿಯುತ್ತದೋ ಹೆಚ್ಚುಕಡಿಮೆ ಅದೇ ರೀತಿಯಲ್ಲಿ. ಐವತ್ತು ವರ್ಷದ ಹಿಂದೆ ರಿಸೆಪ್ಟರನ್ನೇ ಚುಚ್ಚಿಸಿಕೊಂಡು ಮೊಲ ಬಿದ್ದಿತ್ತು. ಈಗ ಯಾವ ಪ್ರಾಣಿಗೂ ಚುಚ್ಚದೆ ಆ ರಿಸೆಪ್ಟರನ್ನು ಅನುಕರಿಸುವ ಆಂಟಿಬಾಡಿ ಹುಟ್ಟಿದೆ.

ಉಬ್ಬಿಸಿ ಹೇಳೋದು ಬೇಡ. ಅದು ಇನ್ನೂ ಆಸ್ಪತ್ರೆಯ ಔಷಧಿಯಲ್ಲ. ನಮ್ಮ ಕಟ್ಟುಹಾವಿನ ವಿಷದಲ್ಲಿ ನರದ ತುದಿಯನ್ನೇ ಹಾಳುಮಾಡುವ ಬೇರೆ ಅಂಶಗಳೂ ಇವೆ, ಅವಕ್ಕೆ ಇದೊಂದು ಸಾಲದು. ಕೆಲಸ ಮಾಡುತ್ತದೋ ಇಲ್ಲವೋ ಅಂತ ನೋಡಿದ್ದೂ ಇಲಿಗಳ ಮೇಲೆಯೇ. ಪ್ರಾಣಿಯ ಲೆಕ್ಕ ಸೊನ್ನೆಗೆ ಇಳಿದಿಲ್ಲ. ಆದರೆ ಒಂದು ಮೊಲೆ ಬಿಟ್ಟ ಹಾಗಾಯಿತು. ನಾಳೆ ಇನ್ನೊಂದು ಬಿಡಬಹುದು.

ಹೊಸ ಕ್ಯಾಟಲಾಗುಗಳಲ್ಲಿ 'ರಿಕಾಂಬಿನೆಂಟ್' ಅನ್ನುವ ಗುರುತು ಬರತೊಡಗಿದೆ. ಆ ಆಂಟಿಬಾಡಿಯ ಜೀನನ್ನು ಒಮ್ಮೆ ಓದಿಟ್ಟುಕೊಂಡು, ಆಮೇಲೆ ಪಾತ್ರೆಯಲ್ಲಿ ಕೋಶಗಳಿಂದಲೇ ತಯಾರಿಸುತ್ತಾರೆ. ಮತ್ತೆ ಮತ್ತೆ ಮೊಲ ಬೇಕಿಲ್ಲ, ಪ್ರತಿ ಬ್ಯಾಚೂ ಒಂದೇ ಥರ. ನಮ್ಮ ಸಾಫ್ಟ್‌ವೇರಿನ ಹುಡುಕಾಟದ ಪುಟದಲ್ಲಿ ಆ ಗುರುತು ಮೂರನೇ ಮೆನುವಿನ ಒಳಗೆ ಎಲ್ಲೋ ಇತ್ತು. ಅದನ್ನು ಮೊದಲ ಸಾಲಿಗೆ ತಂದು, ರಿಕಾಂಬಿನೆಂಟ್ ಇದ್ದರೆ ಅದನ್ನೇ ಮೇಲೆ ತೋರಿಸುವ ಹಾಗೆ ಮಾಡೋಣ ಅಂತ ಟಿಕೆಟ್ ಬರೆದೆ. ಪ್ರೊಡಕ್ಟ್ ಮ್ಯಾನೇಜರ್ ಕಾರಣ ಕೇಳಿದರು. ಬ್ಯಾಚಿನಿಂದ ಬ್ಯಾಚಿಗೆ ಫಲಿತಾಂಶ ಬದಲಾಗೋದಿಲ್ಲ, ಗ್ರಾಹಕರಿಗೆ ಒಳ್ಳೇದು ಅಂದೆ. ಅದು ನಿಜವೇ. ಇನ್ನೊಂದು ಕಾರಣವನ್ನೂ ಬರೆದೆ, ಮೊಲಗಳ ಸಂಖ್ಯೆ ಕಡಿಮೆಯಾಗುತ್ತದೆ ಅಂತ. ಅವರು ನಕ್ಕು, ಮೊದಲನೆಯ ಕಾರಣಕ್ಕೆ ಒಪ್ಪಿಗೆ ಹಾಕಿದರು.

ಇದನ್ನು ಓದುವವರಲ್ಲಿ ಬಯೋಟೆಕ್ ಕಂಪನಿಗಳಲ್ಲಿ, ಪ್ರಯೋಗಾಲಯಗಳಲ್ಲಿ ಇರುವವರೂ ಇರಬಹುದು. ಆರ್ಡರ್ ಬಟನ್ ಒತ್ತುವ ಮೊದಲು ಹೋಸ್ಟ್ ಕಾಲಮ್ಮಿನ ಕಡೆ ಒಮ್ಮೆ ನೋಡಿ. ಅದೇ ಕೆಲಸಕ್ಕೆ ಪ್ರಾಣಿಯಿಲ್ಲದ ಆಂಟಿಬಾಡಿ ಸಿಗುತ್ತದಾ, ಇದನ್ನು ಯಾರಾದರೂ ಪರೀಕ್ಷಿಸಿ ನೋಡಿದ್ದಾರಾ ಅಂತ ಕೇಳಿ. ಎರಡು ನಿಮಿಷದ ಕೆಲಸ. ಅತ್ತೆಯ ಪ್ರಶ್ನೆಗೆ ಅದು ಉತ್ತರ ಅಲ್ಲ. ಆ ಮೊಲಗಳಿಗೆ ಏನೂ ಸಿಗಲಿಲ್ಲ, ಇನ್ನು ಸಿಗೋದೂ ಇಲ್ಲ. ಮುಂದಿನ ಮೊಲದ ವಿಷಯದಲ್ಲಿ ಮಾತ್ರ ನಮ್ಮ ಕೈಯಲ್ಲಿ ಇನ್ನೂ ಏನೋ ಇದೆ.